ಹಾಲಸಿದ್ದ ಬಿಡಿಸಿದ ಸಿಕ್ಕು

ಹಾರೂಗೇರಿಯ ಬಸ್ ಸ್ಟ್ಯಾಂಡಿನ ಎದುರಿಗೆ ಹಾಲಸಿದ್ದನ ಕಟಿಂಗ್ ಅಂಗಡಿ ಇತ್ತು. ಒಂದು ಕುರ್ಚಿ, ಒಂದು ಬೆಂಚು, ಅಂಚಿನಲ್ಲಿ ಪಾದರಸ ಎದ್ದುಹೋದ ಒಂದು ಕನ್ನಡಿ, ಅಷ್ಟೇ ಅಂಗಡಿ. ಗಿರಾಕಿ ಬಂದು ಕುರ್ಚಿಯಲ್ಲಿ ಕುಳಿತ ಕೂಡಲೇ ಹಾಲಸಿದ್ದ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಸುಮ್ಮನೆ ನಿಲ್ಲುವುದು. ತಲೆಗೆ ನೀರು ಚಿಮುಕಿಸಿ, “ಒಮ್ಮಿ ತಲಿ ಝಾಡಿಸ್ರಿ” ಎನ್ನುತ್ತಿದ್ದ. ಕೂದಲು ತಾನಾಗಿ ಯಾವ ಕಡೆ ಬೀಳುತ್ತದೆ, ಎಲ್ಲಿ ಸುಳಿ ತಿರುಗುತ್ತದೆ, ಎಲ್ಲಿ ಹಟ ಹಿಡಿದು ಎದ್ದು ನಿಲ್ಲುತ್ತದೆ ಎಂದು ಒಂದು ಬೀಡಿ ಸೇದುವಷ್ಟು ಹೊತ್ತು ನೋಡುತ್ತಿದ್ದ. ಗಡಿಬಿಡಿಯವರಿಗೆ ಮೈಯೆಲ್ಲ ಉರಿಯುತ್ತಿತ್ತು. “ಲೇ ಹಾಲಸಿದ್ದ, ತಲಿ ನೋಡಾಕತ್ತೀಯೋ, ಹೊಲಾ ಖರೀದಿ ಮಾಡಾಕತ್ತೀಯೋ?” ಎಂದು ಕಬ್ಬಿನ ಹೊಲದ ಮುರಗೆಪ್ಪ ಪ್ರತಿ ಸಲ ಕಾಡುತ್ತಿದ್ದ, ಪ್ರತಿ ಸಲ ಅಲ್ಲಿಗೇ ಬರುತ್ತಿದ್ದ.

ಹೀಗೆ ನೋಡುವುದನ್ನು ಅವನು ಕಲಿತದ್ದು ಮಿರಜದಲ್ಲಿ, ರಾಜೇಸಾಬನೆಂಬ ಮುದುಕನ ಅಂಗಡಿಯಲ್ಲಿ. ರಾಜೇಸಾಬ ಕೂದಲನ್ನು ಒಂದೇ ಗೆರೆಗೆ ಕತ್ತರಿಸುತ್ತಿರಲಿಲ್ಲ. ಎಳೆ ಎಳೆಯಾಗಿ ಬೆರಳಲ್ಲಿ ಎತ್ತಿ, ಮೇಲಿನದನ್ನು ಗಿಡ್ಡ, ಕೆಳಗಿನದನ್ನು ಉದ್ದ ಬಿಟ್ಟು, ಒಂದರ ಮೇಲೊಂದು ಹಗುರಾಗಿ ಬೀಳುವ ಹಾಗೆ ಮಾಡುತ್ತಿದ್ದ. ಊರಿಗೆ ಮರಳಿದ ಹಾಲಸಿದ್ದ ಅದನ್ನೇ ಮಾಡಿದ. ಎಂಬತ್ತರ ದಶಕದ ಹುಡುಗರೆಲ್ಲ ಸಿನಿಮಾ ಪೋಸ್ಟರ್ ತೋರಿಸಿ ಕಿವಿ ಮುಚ್ಚುವ ಕಟಿಂಗ್ ಕೇಳುವ ಕಾಲ. “ಆ ಹೀರೋನ ಕೂದಲಾ ಬ್ಯಾರೆ, ನಿನ್ನ ಕೂದಲಾ ಬ್ಯಾರೆ. ನಿಂದ ಹೆಂಗ ಬೀಳತೈತಿ ಹಂಗ ಬೀಳಲಿ ಬಿಡು” ಎಂದು ತನ್ನದೇ ನಡೆಸುತ್ತಿದ್ದ. ಗುಂಗುರು ಕೂದಲೆಂದರೆ ಅವನಿಗೆ ಜೀವ. ಊರವರು ಅದಕ್ಕೆ ಎಣ್ಣೆ ಬಡಿದು ಚಪ್ಪಟೆ ಮಾಡಿಕೊಂಡು ಬಂದರೆ ಮಗುವಿಗೆ ಏಟು ಬಿದ್ದಷ್ಟು ಸಂಕಟಪಡುತ್ತಿದ್ದ. ಮುಂದೆ ತೊಂಬತ್ತರ ಹೊತ್ತಿಗೆ ಕಾಲೇಜು ಹುಡುಗಿಯರು ಇದಕ್ಕೆ ‘ಸ್ಟೆಪ್ ಕಟಿಂಗ್’ ಎಂದು ಹೆಸರಿಟ್ಟು ಬಂದಾಗ ಅಂಗಡಿಗೆ ಒಂದು ಪರದೆ ಕಟ್ಟಬೇಕಾಯಿತು. ಆದರೆ ಅವನ ಕೈಯಿಂದ ಮೊದಲು ಹಾಗೆ ಕೂದಲು ಕತ್ತರಿಸಿಕೊಂಡ ಹುಡುಗಿ ಕಾಲೇಜಿನವಳಲ್ಲ, ಫ್ಯಾಶನ್ನಿಗೆ ಬಂದವಳೂ ಅಲ್ಲ.

ಅದು ಎಂಬತ್ತೇಳನೆಯ ಇಸವಿಯ ಮಾತು. ಹಾಲಸಿದ್ದನ ಹೆಂಡತಿ ಭೀಮಾಬಾಯಿಗೆ ಏಳು ತಿಂಗಳು ತುಂಬಿತ್ತು. ಲಗ್ನವಾಗಿ ಒಂಬತ್ತು ವರ್ಷ, ಎರಡು ಸಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಕೊನೆಗೆ ಗಂಡ ಹೆಂಡಿರು ಕೊಕಟನೂರಿನ ಎಲ್ಲಮ್ಮನಿಗೆ ಹರಕೆ ಹೊತ್ತು ಬಂದಿದ್ದರು. ಈ ಸಲ ಕೂಸು ನಿಂತಿತ್ತು. ಎಲ್ಲಮ್ಮನೇ ಕೊಟ್ಟದ್ದು ಎಂದು ಹಾಲಸಿದ್ದ ನಂಬಿದ್ದ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಕೆಂಚವ್ವ ಬಂದಳು. ಊರಂಚಿನ ಓಣಿಯವಳು, ಗಂಡ ಸತ್ತ ಮೇಲೆ ಹೊಲದ ಕೂಲಿ ಮಾಡಿ ಬದುಕುತ್ತಿದ್ದಳು. ಜೊತೆಗೆ ಹನ್ನೊಂದು ವರ್ಷದ ಮಗಳು ಗೌರಾ. ಹುಡುಗಿಯ ತಲೆಯ ಮೇಲೆ ತನ್ನ ಸೆರಗನ್ನೇ ಹೊದಿಸಿದ್ದಳು.

“ಅಣ್ಣಾರ, ಇದೊಂದೀಟ ನೋಡಿ ಹೇಳ್ರಿ. ಇದು ಜಟೀನೋ, ಬರೇ ಸಿಕ್ಕೋ?”

ಸೆರಗು ಸರಿಸಿದಳು. ವಿಷಮಜ್ವರ ಬಂದು ಹುಡುಗಿ ಒಂದೂವರೆ ತಿಂಗಳು ಹಾಸಿಗೆ ಹಿಡಿದಿದ್ದಳು. ಮೊದಲೇ ಗುಂಗುರು ಕೂದಲು; ಬೆವರಿ, ಹೊರಳಾಡಿ, ಹಿಂದಲೆಯಲ್ಲಿ ಗಂಟುಗಟ್ಟಿ ಹಗ್ಗದಂತಾಗಿತ್ತು. ಅದಕ್ಕೆ ಯಾರೋ ಆಗಲೇ ಭಂಡಾರ ಹಚ್ಚಿದ್ದರು. ಎಲ್ಲಮ್ಮನ ಅರಿಶಿನಪುಡಿ ಕಂಡ ಕೂಡಲೇ ಹಾಲಸಿದ್ದನ ಕೈ ಹಿಂದೆ ಸರಿಯಿತು.

ಹಚ್ಚಿದವಳು ಅದೇ ಮನೆಯಲ್ಲಿದ್ದ ಕೆಂಚವ್ವನ ತಾಯಿ ಕಸ್ತೂರೆವ್ವ. ಅವಳು ಸ್ವತಃ ಜೋಗತಿ. ಸಣ್ಣವಳಿದ್ದಾಗ ಜಟೆ ಬಂದಿತು, ದೇವಿ ಕರೆದಳು ಎಂದು ಅವಳಿಗೆ ಮುತ್ತು ಕಟ್ಟಿದ್ದರು. ಮುತ್ತು ಕಟ್ಟಿದರೆ ಹುಡುಗಿ ದೇವಿಯ ಪಾಲು, ಲಗ್ನವಿಲ್ಲ, ಶಾಲೆಯಿಲ್ಲ. ಜೋಗ ಬೇಡಬೇಕು, ಊರ ಗಂಡಸರ ಮರ್ಜಿಗೆ ಬಿದ್ದು ಬಾಳಬೇಕು. ಹಾಗೆ ಮಾಡಕೂಡದೆಂದು ಸರ್ಕಾರದ ಕಾಯ್ದೆ ಬಂದು ಐದು ವರ್ಷವಾಗಿತ್ತು. ಆದರೆ ಕಸ್ತೂರೆವ್ವನಿಗೆ ಕಾಯ್ದೆಗಿಂತ ಎಲ್ಲಮ್ಮ ಹತ್ತಿರದವಳು. ಮೊಮ್ಮಗಳ ಮೇಲೆ ಅವಳಿಗೆ ಪ್ರೀತಿ ಕಡಿಮೆಯಿತ್ತೆಂದಲ್ಲ. ದೇವಿ ಕರೆದಾಗ ಕೊಡದಿದ್ದರೆ ಕೂಸೇ ಉಳಿಯುವುದಿಲ್ಲ ಎಂಬ ಹೆದರಿಕೆ ಅವಳನ್ನು ಕಾಡುತ್ತಿತ್ತು. ಬರುವ ಹುಣ್ಣಿಮೆಗೆ ಮುತ್ತು ಎಂದು ಹೇಳಿಬಿಟ್ಟಿದ್ದಳು. ಹುಣ್ಣಿಮೆಗೆ ಹನ್ನೆರಡು ದಿನ ಇತ್ತು.

ಹಾಲಸಿದ್ದ ದೂರದಿಂದಲೇ ನೋಡಿದ. ಕಣ್ಣಿಗೆ ಸುಳ್ಳು ಹೇಳಲು ಬರಲಿಲ್ಲ. “ಬರೇ ಸಿಕ್ಕವ್ವಾ ಇದು. ಗುಂಗುರು ಕೂದಲಾ ಹಣಗಿ ಕಾಣದಿದ್ರ ಹಿಂಗ ಆಗತೈತಿ.”

“ಹಂಗಾರ ಬಿಡಿಸಿ ಕೊಡ್ರಿ, ಇಲ್ಲಾ ಕತ್ತರಿಸಿಬಿಡ್ರಿ. ನಿಮ್ಮ ಕಾಲಿಗೆ ಬೀಳತೀನಿ.”

“ಭಂಡಾರ ಬಿದ್ದೈತಿ ತಂಗಿ. ನಾ ಮುಟ್ಟಾಂಗಿಲ್ಲ. ನಮ್ಮನ್ಯಾಗೂ ಹೆಣ್ಣಮಗಳು ಬಸರಿ ಅದಾಳ.”

ಕೆಂಚವ್ವ ಸೆರಗನ್ನು ಮಗಳ ತಲೆಯ ಮೇಲೆ ಎಳೆದು ಹೊರಟಳು. ಹುಡುಗಿ ಮಾತ್ರ ಹೊಸ್ತಿಲಲ್ಲಿ ನಿಂತು ಕನ್ನಡಿಯಲ್ಲಿ ತನ್ನನ್ನೊಮ್ಮೆ ನೋಡಿಕೊಂಡಳು.

ಆ ದಿನ ಹಾಲಸಿದ್ದ ಎರಡು ಗಡ್ಡಗಳಿಗೆ ಗಾಯ ಮಾಡಿದ. ಮನೆಗೆ ಬಂದು ಊಟಕ್ಕೆ ಕುಳಿತವನು ರೊಟ್ಟಿ ಮುರಿದು ಹಾಗೇ ಕುಳಿತ. ಭೀಮಾಬಾಯಿ ಬಿಡುವವಳಲ್ಲ, ಕೆದಕಿ ಕೆದಕಿ ಕೇಳಿದಳು. ಎಲ್ಲ ಹೇಳಿದ. ಅವಳು ಬೆನ್ನು ತಟ್ಟುತ್ತಾಳೆ ಎಂದುಕೊಂಡಿದ್ದ.

“ಆ ಹುಡಿಗೀನೂ ಒಬ್ಬಾಕಿ ಒಂಬತ್ತ ತಿಂಗಳ ಹೊತ್ತು ಹಡದಾಳ್ರಿ,” ಎಂದಳು ಭೀಮಾಬಾಯಿ. “ನಮ್ಮ ಕೂಸಿನ ಸಲುವಾಗಿ ಆ ಕೂಸನ್ನ ಕೈ ಬಿಟ್ರ, ನಾಳೆ ನಮ್ಮ ಕೂಸಿನ ಮಾರಿ ಹೆಂಗ ನೋಡ್ತೀರಿ?”

“ದೇವಿ ಸಿಟ್ಟಾದ್ರ?”

“ಆಕೀನ ಅವ್ವಾ ಅಂತೀವಿ. ಅವ್ವನಂಗ ನಡಕೊಳ್ಳಲಿ.”

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಅಂದಳು. ಧೈರ್ಯದ ಮಾತು, ಆದರೆ ಆ ಕೈಯನ್ನು ಮಲಗುವವರೆಗೂ ತೆಗೆಯಲಿಲ್ಲ. ಹೆಂಡತಿಯ ಮೇಲೆ ಅವನಿಗೆ ಆವತ್ತು ಹುಟ್ಟಿದಷ್ಟು ಅಕ್ಕರೆ ಲಗ್ನದ ಹೊಸದರಲ್ಲೂ ಹುಟ್ಟಿರಲಿಲ್ಲ.

ಮರುದಿನ ಮರದ ಹಣಿಗೆ, ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಅವನು ಕಸ್ತೂರೆವ್ವನ ಮನೆಗೇ ಹೋದ. ಮುದುಕಿ ಕಟ್ಟೆಯ ಮೇಲೆ ಕುಳಿತಿದ್ದಳು, ನೆತ್ತಿಯಿಂದ ಇಳಿದ ಜಟೆ ಸೊಂಟ ಮುಟ್ಟಿತ್ತು.

“ಆಯಿ, ನಾ ಕತ್ತರಿ ತಂದಿಲ್ಲ. ಬರೇ ಹಣಗಿ ಐತಿ. ಅವ್ವನ ಜಟಿ ಆಗಿದ್ರ ನನ್ನ ಹಣಗಿ ಹಾಯಂಗಿಲ್ಲ. ಹಾಯ್ದರ ಅದು ಬರೇ ಕೂದಲಾ. ಪರೀಕ್ಷಾ ನೋಡಾಕ ಬಿಡ್ತಿ?”

ಕಸ್ತೂರೆವ್ವ ನಕ್ಕುಬಿಟ್ಟಳು. ದೇವಿಯ ಜಟೆ ಹಣಿಗೆಗೆ ಬಗ್ಗುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. “ನೋಡು ತಮ್ಮಾ. ಆದರ ಕತ್ತರಿ ಹಾಕಾಂಗಿಲ್ಲ ಅಂತ ಆಣಿ ಮಾಡು.” ಅಂಗೈಗೆ ಭಂಡಾರ ಹಾಕಿದಳು. ಹಾಲಸಿದ್ದ ಆಣೆ ಮಾಡಿದ.

ಒಂಬತ್ತು ಮಧ್ಯಾಹ್ನ ಅಂಗಡಿಗೆ ಬೀಗ ಬಿತ್ತು. ಮುರಗೆಪ್ಪ ಬೆಳೆದ ಗಡ್ಡ ಕೆರೆದುಕೊಳ್ಳುತ್ತ ಬೈದುಕೊಂಡು ತಿರುಗಿದ. ಹಾಲಸಿದ್ದ ಬೆಚ್ಚಗಿನ ಎಣ್ಣೆ ಸುರಿದು, ಅಂಟವಾಳಕಾಯಿಯ ನೊರೆಯಲ್ಲಿ ನೆನೆಸಿ, ತುದಿಯಿಂದ ಶುರುಮಾಡಿ ಒಂದೊಂದೇ ಎಳೆ ಬಿಡಿಸುತ್ತ ಕುಳಿತ. ಸಿಕ್ಕಿನೊಳಗಿಂದ ಕೌದಿಯ ಅರಳೆ ಬಂತು, ದಾರದ ತುಂಡು ಬಂತು, ಒಣಗಿದ ಬೇವಿನೆಲೆ ಬಂತು. ನೋವಾದರೂ ಗೌರಾ ಕಮಕ್ ಕಿಮಕ್ ಎನ್ನಲಿಲ್ಲ. ಒಮ್ಮೆ ಮಾತ್ರ ಕೇಳಿದಳು: “ಕಾಕಾ, ಪರೀಕ್ಷಾ ಇನ್ನ ಮೂರ ವಾರ ಐತಿ. ಅಷ್ಟರಾಗ ಆಗತೈತೇನ್ರಿ?” ಅವಳು ಕೇಳಿದ್ದು ಶಾಲೆಯ ಪರೀಕ್ಷೆ. ಹಾಲಸಿದ್ದ ಮುಂದಿನ ಎಳೆ ಕೈಗೆತ್ತಿಕೊಂಡ.

ಒಂಬತ್ತನೆಯ ದಿನಕ್ಕೆ ಎಲ್ಲ ಬಿಟ್ಟಿತ್ತು, ಕುತ್ತಿಗೆಯ ಹತ್ತಿರ ನಿಂಬೆಕಾಯಿಯಷ್ಟು ಒಂದು ಗಂಟು ಬಿಟ್ಟು. ಅದು ಎಣ್ಣೆಗೂ ಜಗ್ಗಲಿಲ್ಲ, ನೊರೆಗೂ ಜಗ್ಗಲಿಲ್ಲ. ಕಸ್ತೂರೆವ್ವ ಗೊತ್ತುಮಾಡಿದಂತೆ ಮರುದಿನ ಓಣಿಯ ಹೆಂಗಸರೆದುರು ಹಣಿಗೆ ಹಾಯಿಸಿ ತೋರಿಸಬೇಕು. ಗಂಟು ಉಳಿದರೆ ಹುಡುಗಿ ಉಳಿಯುವುದಿಲ್ಲ. ಕೆಂಚವ್ವ ನೀರಿಗೆ ಹೋಗಿದ್ದಳು. ಕಸ್ತೂರೆವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಹಾಲಸಿದ್ದನ ಅಂಗಿಯ ಜೇಬಿನಲ್ಲಿ ಮೀಸೆ ತಿದ್ದುವ ಸಣ್ಣ ಕತ್ತರಿ ಇತ್ತು. ಮರೆತು ಬಂದಿತ್ತು ಎಂದು ಅವನು ಆಮೇಲೆ ಹೇಳಿಕೊಂಡ, ಅದನ್ನು ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು. ‘ಯವ್ವಾ, ನನ್ನ ಈ ಕೈ ತಗೋ, ಕೂಸಿನ ತಂಟೆಗೆ ಮಾತ್ರ ಹೋಗಬ್ಯಾಡ’ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಗಂಟನ್ನು ಕತ್ತರಿಸಿದ. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕತ್ತರಿಯ ಜೊತೆಗೇ ಜೇಬಿಗೆ ಇಳಿಸಿದ.

ಮರುದಿನ ಹೆಂಗಸರು ಸೇರಿದರು. ಹಣಿಗೆ ನೆತ್ತಿಯಿಂದ ತುದಿಯವರೆಗೆ ಹಾಯಿತು. ಕಸ್ತೂರೆವ್ವ ನಂಬದೆ ತಾನೇ ಹಣಿಗೆ ಇಸಿದುಕೊಂಡು ಹಾಯಿಸಿದಳು. ಆಮೇಲೆ ಮೊಮ್ಮಗಳ ಕುತ್ತಿಗೆಯ ಹತ್ತಿರ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ಗಂಟು ಇದ್ದ ಜಾಗ ಅದು.

“ಹಾದೈತಿ,” ಎಂದಳು ಮುದುಕಿ, ಎಲ್ಲರಿಗೂ ಕೇಳುವ ಹಾಗೆ. “ಅವ್ವ ಬಿಟ್ಟಾಳ.”

ಕೆಂಚವ್ವ ಅಲ್ಲೇ ಕುಸಿದು ಕುಳಿತು ಅತ್ತಳು. ಹಾಲಸಿದ್ದ ಹೆದರುತ್ತಲೇ ಕೇಳಿದ: “ಆಯಿ, ಹಿಂಗ ಬಿಟ್ರ ಮತ್ತ ಸಿಕ್ಕಾಗತೈತಿ. ಇನ್ನ ಕತ್ತರಿ ಹಾಕಲ್ಯಾ?”

“ಬರೇ ಕೂದಲಕ್ಕ ಯಾರ ಅಪ್ಪಣಿ ಬೇಕೋ ತಮ್ಮಾ?”

ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿದ. ತನ್ನ ರೂಢಿಯಂತೆ ಮೊದಲು ಸುಮ್ಮನೆ ನೋಡಿದ. ಎಷ್ಟೋ ದಿನದಿಂದ ಹಗ್ಗವಾಗಿ ಬಿದ್ದಿದ್ದ ಕೂದಲು ಈಗ ನೂರು ಸುರುಳಿಯಾಗಿ ಎದ್ದಿತ್ತು. ಯಾವ ಸುರುಳಿಯನ್ನೂ ಅವನು ನೇರ ಮಾಡಲಿಲ್ಲ, ಯಾವುದನ್ನೂ ಅದುಮಲಿಲ್ಲ. ಎತ್ತಿ, ಅದು ಎಲ್ಲಿ ತಾನಾಗಿ ತಿರುಗುತ್ತದೋ ಅಲ್ಲಿಗೇ ಕತ್ತರಿಸಿ ಬಿಟ್ಟ. ಮೇಲಿಂದ ಕೆಳಗೆ ಒಂದೊಂದು ಬೆರಳಿನ ಅಂತರದಲ್ಲಿ ಭಾರ ಇಳಿಯುತ್ತ ಬಂತು. ಗಿಡ್ಡವಾಗಿದ್ದ ಜಾಗ ಸುರುಳಿಗಳ ನಡುವೆ ಎಲ್ಲೋ ಸೇರಿಹೋಯಿತು. ಕೆಲಸ ಮುಗಿದ ಮೇಲೆ ಗೌರಾ ಕತ್ತು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಕೂದಲು ಅವಳ ಜೊತೆಗೇ ತಿರುಗಿತು. “ತಲಿ ಹಗುರಾಗೈತಿ ಕಾಕಾ” ಎಂದು ನಗುತ್ತ ಓಣಿ ತುಂಬ ಓಡಿದಳು. ಮುಂದಿನ ವಾರ ಶಾಲೆಗೂ ಹೋದಳು.

ಹಾಲಸಿದ್ದನಿಗೆ ಮಾತ್ರ ತಲೆ ಹಗುರಾಗಲಿಲ್ಲ. ಭಂಡಾರ ಮುಟ್ಟಿ ಮಾಡಿದ ಆಣೆ ತಪ್ಪಿದ್ದ. ಹೆಂಡತಿಗೆ ಸ್ವಲ್ಪ ಸೊಂಟ ನೋವೆಂದರೂ ಅವನ ಜೀವ ಬಾಯಿಗೆ ಬರುತ್ತಿತ್ತು. ಎರಡು ತಿಂಗಳು ಹೀಗೇ ಸವೆಸಿದ. ಕೊನೆಗೆ ಒಂದು ಬೆಳಿಗ್ಗೆ ಭೀಮಾಬಾಯಿ ಹೆಣ್ಣು ಕೂಸು ಹೆತ್ತಳು. ಓಣಿಗೆಲ್ಲ ಕೇಳುವ ಹಾಗೆ ಅಳುವ, ಗಟ್ಟಿಮುಟ್ಟಾದ ಕೂಸು. ಹಾಲಸಿದ್ದ ಅದರ ಬೆರಳುಗಳನ್ನು ಮತ್ತೆ ಮತ್ತೆ ಎಣಿಸಿದ, ಆದರೂ ಒಳಗಿನ ಹೆದರಿಕೆ ಹೋಗಲಿಲ್ಲ.

ಐದನೆಯ ದಿನ ಕಸ್ತೂರೆವ್ವ ಕೂಸು ನೋಡಲು ಬಂದಳು. ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಆಡಿಸಿದಳು. ಹೊರಡುವಾಗ ಬಾಗಿಲ ಹೊರಗೆ ಹಾಲಸಿದ್ದನನ್ನು ಕರೆದಳು.

“ಆವತ್ತ ನಾ ಕಣ್ಣ ಮುಚ್ಚಿದ್ದೆ, ಮಲಗಿದ್ದಿಲ್ಲ ತಮ್ಮಾ. ಕತ್ತರಿ ಸಪ್ಪಳ ಕೇಳಿತ್ತು.”

ಹಾಲಸಿದ್ದ ಕೈ ಮುಗಿದ. “ಆಯಿ, ನಂದ ತಪ್ಪಾತು…”

“ಸುಮ್ಮಕಿರು. ನನಗೂ ಹನ್ನೊಂದ ವರ್ಷ ಇದ್ದಾಗ ಹಿಂಗ ಜ್ವರ ಬಂದಿತ್ತು. ಆವಾಗ ಯಾರೂ ಹಣಗಿ ತಗೊಂಡ ಬರಲಿಲ್ಲ.” ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕೂಸಿಗೇನರ ಆಗತೈತಂತ ಹೆದರಾಕತ್ತೀಯಲ್ಲ, ಹೆದರಬ್ಯಾಡ. ಕತ್ತರಿಸಿದ್ದು ನಾನ ಅಂತ ಅವ್ವಗ ಹೇಳಿ ಬಂದೇನಿ.”