ವಹಿಗೆ ಸಿಗದ ಹಲ್ಲುನೋವು

ಖಡಕ್ ರೊಟ್ಟಿಯನ್ನು ನಾನು ಬಲದವಡೆಯಲ್ಲಷ್ಟೇ ಅಗಿಯುತ್ತೇನೆಂಬುದು ಎಷ್ಟೋ ವರ್ಷ ನನಗೇ ಗೊತ್ತಿರಲಿಲ್ಲ, ಮಿತ್ರರೇ. ಕೆಲವು ನೋವುಗಳು ರೂಢಿಯ ವೇಷ ತೊಟ್ಟು, ನೋವೆಂಬ ಹೆಸರನ್ನೇ ಕಳೆದುಕೊಂಡು, ನಮ್ಮ ಜೊತೆಗೇ ಊಟಕ್ಕೆ ಕೂಡುತ್ತವೆ. ಇದನ್ನು ನನಗೆ ಕಲಿಸಿದ್ದು ಸರ್ಕಾರದ ಒಂದು ಹಾಳೆ.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ಉರ್ದು ಬಲ್ಲ ಶಾಲಾಮಾಸ್ತರನೆಂಬ ತಪ್ಪಿಗೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಗೆ ಹಲ್ಲಿನ ವೈದ್ಯರು ಎಷ್ಟು ಮಂದಿ ಬೇಕೆಂದು ವರದಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ದವಾಖಾನೆಗೆ ಬಂದ ರೋಗಿಗಳನ್ನು ಎಣಿಸಿ ಬರೆಯಬೇಕಂತೆ. ಶಹಾಬಾದದ ದವಾಖಾನೆಯಲ್ಲಿ ರೋಗಿಗಳ ಹೆಸರು ಬರೆಯುವ ವಹಿ ತೆರೆದರೆ ಹಲ್ಲಿನ ಪುಟ ಖಾಲಿ. ಹಲ್ಲಿನ ವೈದ್ಯರಿಲ್ಲವೆಂದು ಬಂದವರನ್ನು ಡಾಕ್ಟರರು ಬಾಗಿಲಲ್ಲೇ ತಿರುಗಿಸುತ್ತಿದ್ದರು; ತಿರುಗಿಸಿದವರ ಹೆಸರು ಬರೆಯುತ್ತಿರಲಿಲ್ಲ; ಹೆಸರಿಲ್ಲದ ಮೇಲೆ ರೋಗವಿಲ್ಲ, ರೋಗವಿಲ್ಲದ ಮೇಲೆ ವೈದ್ಯರೇಕೆ! ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು.

ಆ ಸಿಟ್ಟಿನಲ್ಲೇ ಹತ್ತಿರದ ಭಂಕೂರದ ಕಲ್ಲುಗಣಿಗೆ ನಡೆದೆ. ಹಲ್ಲುನೋವು ಯಾರಿಗಿದೆ ಎಂದು ಗಣಿಯ ಆಳುಗಳನ್ನು ಕೇಳಿದರೆ, "ನಮಗೆಲ್ಲೀದರಿ ಮಾಸ್ತರ, ಭಾಳ ಆರಾಮ ಇದ್ದೀವಿ" ಎಂದರು. ಸೋತು, "ರೊಟ್ಟಿ ಯಾವ ಕಡೆ ಅಗೀತೀರಿ?" ಎಂದೆ. ಒಬ್ಬೊಬ್ಬರ ಕೈಯೂ ಒಂದೊಂದು ಕೆನ್ನೆಗೆ ಹೋಯಿತು. ನನ್ನ ಕೈಯೂ.

ಕಲ್ಲು ಹೊರುವ ನಾಗಮ್ಮ ಮಾತ್ರ ಬಾಯಿಯನ್ನೇ ತೆರೆಯಲಾರಳು. ಸೆರಗಿನ ಮರೆಯಲ್ಲಿ ಅವಳ ದವಡೆಯ ಬಾವು ಕುತ್ತಿಗೆಗಿಳಿದಿತ್ತು, ಮೈ ಸುಡುತ್ತಿತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಹಲ್ಲು ಕೀಳುತ್ತಿದ್ದವನು ಕ್ಷೌರಿಕ ಇಮಾಮಸಾಬನೊಬ್ಬನೇ. ಕರೆಸಿದೆವು. ಅವನು ನೋಡಿದವನೇ ಹಿಂದೆ ಸರಿದ.

"ಇದು ನನ್ನ ಕೈಯಾಗ ಆಗೂದಲ್ಲರಿ. ಕೀವು ಗಂಟಲಕ್ಕ ಇಳೀಲಿಕತ್ತದ. ಹೈದರಾಬಾದಕ್ಕ ಒಯ್ರಿ, ಜಲ್ದಿ."

ಅವಳನ್ನೂ ಅವಳ ಗಂಡನನ್ನೂ ಕರೆದುಕೊಂಡು ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ಬದಲಿಸಲು ಕಾಯುವಾಗ ಅವಳು ಉಗುಳು ನುಂಗಲೂ ಒದ್ದಾಡುತ್ತಿದ್ದಳು, ಅವಳ ಗಂಡ ಹಳಿಯತ್ತ ನೋಡುತ್ತ, "ಬರ್ತದಲ್ರಿ ಗಾಡಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಹೈದರಾಬಾದಿನ ವೈದ್ಯರು ಹಲ್ಲು ಕಿತ್ತು, ಕೀವು ತೆಗೆದು, ಇನ್ನೊಂದು ದಿನ ತಡೆದಿದ್ದರೆ ಉಸಿರೇ ಕಟ್ಟುತ್ತಿತ್ತೆಂದರು. ನಾಗಮ್ಮ ಬದುಕಿದಳು.

ಮರಳಿ ಬಂದು, ನಾಗಮ್ಮನ ಸಂಗತಿಯನ್ನೂ ಸೇರಿಸಿ ಮನಸಾರೆ ವರದಿ ಬರೆದೆ: ರೈಲುಮಾರ್ಗದ ಊರುಗಳಿಗೆ ಸರದಿಯಂತೆ ಬರುವ ಒಬ್ಬ ಹಲ್ಲಿನ ವೈದ್ಯ ಬೇಕು, ಗಾಡಿಯೇ ಹೋಗದ ಚಿಂಚೋಳಿಗೆ ಮತ್ತೊಬ್ಬ, ಇಮಾಮಸಾಬನಂಥವರಿಗೆ ಇಕ್ಕಳ ಕುದಿಸಿ ತೊಳೆಯುವುದರಿಂದ ಹಿಡಿದು ಪಾಠ. ತಿಂಗಳುಗಳ ಮೇಲೆ ಮೇಲಿನ ಕಚೇರಿಯ ಉತ್ತರ ಬಂತು. ವಹಿಯಲ್ಲಿ ರೋಗಿಗಳಿಲ್ಲ, ಇದ್ದೊಬ್ಬಳಿಗೆ ಹೈದರಾಬಾದಿನಲ್ಲಿ ಚಿಕಿತ್ಸೆಯಾಗಿದೆ, ಆದ್ದರಿಂದ ಅಗತ್ಯವಿಲ್ಲ. ಅವಳ ಜೀವ ಉಳಿಸಿದ ಪ್ರಯಾಣವನ್ನೇ ಅವರು ಉಳಿದವರ ಪಾಲಿಗೆ ಬಾಗಿಲ ಅಗುಳಿ ಮಾಡಿದ್ದರು! ಆ ಕಾಗದವನ್ನು ಹರಿಯಬೇಕೆನಿಸಿತು. ಹರಿಯದೆ, ಗಣಿಗೆ ಹೋಗಿ ಎಲ್ಲರೆದುರು ಓದಿ ಹೇಳಿದೆ.

ನಾಗಮ್ಮ ಬುಟ್ಟಿ ಕೆಳಗಿಟ್ಟಳು. ಮಾರನೆಯ ಬೆಳಿಗ್ಗೆ ದವಾಖಾನೆಯ ಮುಂದೆ ಗಣಿಗೆ ಗಣಿಯೇ ಸಾಲುಗಟ್ಟಿ ನಿಂತಿತ್ತು. ಡಾಕ್ಟರರು ರೇಗಿ ಹೊರಬಂದರು. "ಹಲ್ಲಿಗೆ ನನ್ನ ಕಡೆ ದವಾ ಇಲ್ಲ, ಹೋಗ್ರಿ."

ಸಾಲಿನ ಮೊದಲಿಗೆ ನಿಂತಿದ್ದ ನಾಗಮ್ಮ ಅಲ್ಲೇ ಕುಳಿತುಬಿಟ್ಟಳು.

"ದವಾ ಇರಲಿ ಬಿಡ್ರಿ ಸಾಹೇಬ್ರ. ಮೊದಲ ನಮ್ಮ ಹೆಸರು ಬರ್ಕೋರಿ."