ವೈನ್ ಉಗುಳಿದ ತೀರ್ಪುಗಾರ

"ಚೆಂದ ಇಲ್ಲವಾ ಮಾರಾಯ್ರೆ?" ಇಂದು ಮಧ್ಯಾಹ್ನ ಇಲ್ಲಿ ಜೆದ್ದಾದಲ್ಲಿ ಹೀಗೆ ಕೇಳುವಾಗ ನಮ್ಮ ಉಡುಪಿಯ ವಸಂತಿಯಕ್ಕನ ಮುಖ ಬಾಡಿಹೋಯಿತು, ಗೆಳೆಯರೇ. ಊಟಕ್ಕೆ ಕರೆದಿದ್ದ ಮೈಸೂರಿನ ಶಶಿಗೆ ಆಸ್ಟ್ರೇಲಿಯಾ ವೈನಿನ ಹುಚ್ಚೆಂದು ಊರೆಲ್ಲ ಹುಡುಕಿ ಮೂರು ಬಾಟಲಿ ತಂದಿದ್ದರು. ಸೌದಿಯಲ್ಲವೇ, ಆಲ್ಕೋಹಾಲ್ ತೆಗೆದದ್ದೇ. ಶಶಿ ಮೂರನ್ನೂ ಮೂಸಿ, ಮುಕ್ಕಳಿಸಿ, ಸಿಂಕಿಗೆ ಉಗುಳಿದ್ದ.

"ಅದ್ಭುತ ಅಕ್ಕ! ಹತ್ತಕ್ಕೆ ಒಂಬತ್ತು."

"ಮತ್ತೆ ಉಗುಳಿದ್ದು ಎಂತಕ್ಕೆ?"

"ತಜ್ಞರು ನುಂಗಲ್ಲ. ಅಮಲೇರಿದ್ರೆ ತೀರ್ಪು ಕೆಡುತ್ತೆ."

"ಇದರಲ್ಲಿ ಅಮಲೇ ಇಲ್ಲವಲ್ಲ!"

ವೈನ್ ಉಗುಳಿದವನು ಈಗ ಉಗುಳು ನುಂಗಿದ.

ಊಟಕ್ಕೆ ಕೋರಿ ರೊಟ್ಟಿ ಬಂತು. ಶಶಿ ಅಭ್ಯಾಸಬಲದಿಂದ ಕೋಳಿ ಸಾರನ್ನೂ ಮೂಸಿ ಕಣ್ಣು ಮುಚ್ಚಿದ. ಅಕ್ಕ ಸೌಟು ಹಿಡಿದೇ ಎಚ್ಚರಿಸಿದರು: "ಮೊದಲು ನುಂಗಿ, ಆಮೇಲೆ ಮಾರ್ಕು ಕೊಡಿ."

ಮೂರು ಸಲ ಬಡಿಸಿಕೊಂಡ. ತೀರ್ಪು ಹೇಳಲು ಪಾಪ, ಬಾಯಿಗೆ ಬಿಡುವೇ ಸಿಗಲಿಲ್ಲ.