ಎರಡು ಟರ್ಬೊ, ಫಕೀರಪ್ಪನ ಅಂಗಾಲು

ಕಾಲೇಜಿನಲ್ಲಿ ಹಳಗನ್ನಡ ಕಲಿಸುವ ಮನುಷ್ಯ ಭಾನುವಾರಗಳನ್ನು ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ಕಳೆಯುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಪ್ರಿನ್ಸಿಪಾಲರೂ ಬಹಳ ದಿನ ನಂಬಿರಲಿಲ್ಲ. ನನ್ನದು ಹತ್ತು ವರ್ಷ ಹಳೆಯ ಕೆಂಪು ಬಣ್ಣದ ಸಣ್ಣ ಕಾರು. ಹೊರಗಿನಿಂದ ನೋಡಿದರೆ ಮದುವೆಗೆ ಅಕ್ಕಿಕಾಳು ಹಾಕಲು ಹೊರಟ ಸಂಭಾವಿತ ಗಾಡಿ. ಒಳಗೆ ಮಾತ್ರ ಸೈಲೆನ್ಸರ್, ಗಾಳಿಯ ಕೊಳವೆ, ಪುಟ್ಟ ಕಂಪ್ಯೂಟರು ಎಲ್ಲವನ್ನೂ ವರ್ಷಕ್ಕೊಂದರಂತೆ ಬದಲಾಯಿಸಿ ಅದನ್ನು ಓಟದ ಕುದುರೆ ಮಾಡಿಕೊಂಡಿದ್ದೇನೆ. ಗದಗದಿಂದ ಲಕ್ಷ್ಮೇಶ್ವರಕ್ಕೆ ಅದರಲ್ಲಿ ಹೊರಟಾಗ ಆಗುವ ಹೆಮ್ಮೆ ನನಗೆ ಪಿಎಚ್.ಡಿ. ಬಂದ ದಿನವೂ ಆಗಿರಲಿಲ್ಲ.

ಹೋದ ವರ್ಷ ಅದರ ಟರ್ಬೊ ಸವೆದುಹೋಯಿತು. ಟರ್ಬೊ ಅಂದರೆ ಬಹಳ ದೊಡ್ಡ ಗುಟ್ಟೇನಲ್ಲ. ಎಂಜಿನ್ ಹೊರಗೆ ಉಗುಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಗೆ ತುರುಕುತ್ತದೆ. ಊದುಗೊಳವೆಯಿಂದ ಒಲೆ ಊದಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಬುಗುರಿ ಎಂದೂ ಸುಂಟರಗಾಳಿ ಎಂದೂ ಅರ್ಥವಂತೆ. ಇದನ್ನು ತರಗತಿಯಲ್ಲಿ ಹೇಳಿ ಛಂದಸ್ಸಿನ ಪಾಠದ ಅರ್ಧ ಗಂಟೆ ಹಾಳುಮಾಡಿದ್ದೇನೆ.

ಸವೆದದ್ದನ್ನು ತೆಗೆದು ಅಷ್ಟೇ ಗಾತ್ರದ್ದನ್ನು ಹಾಕಿಸಲು ಯಾರ ಮನಸ್ಸು ಒಪ್ಪುತ್ತದೆ? ನನ್ನ ಮುಂದೆ ಎರಡು ಆಯ್ಕೆಗಳಿದ್ದವು. ಮೊದಲಿನದಕ್ಕಿಂತ ಒಂದಿಷ್ಟೇ ದೊಡ್ಡದಾದ ನಡುವಿನ ಟರ್ಬೊ ಒಂದು. ತೆಂಗಿನಕಾಯಿಯಷ್ಟು ದಪ್ಪದ ಭಾರೀ ಟರ್ಬೊ ಇನ್ನೊಂದು. ಒಂದೇ ಕಾವ್ಯದ ಎರಡು ಹಸ್ತಪ್ರತಿಗಳನ್ನು ಹೋಲಿಸುವ ಸಂಶೋಧಕನಂತೆ ತಿಂಗಳುಗಟ್ಟಲೆ ಎರಡರ ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತೆ. ಕೊನೆಗೆ ತೀರ್ಮಾನ ಮಾಡಿದ್ದು ಮಾತ್ರ ಕಿವಿಯಿಂದ. ಲಕ್ಷ್ಮೇಶ್ವರದಲ್ಲಿ ಟೈರಿನ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಬಸವರಾಜನದೂ ಇಂಥದೇ ಕಾರು. ಅವನು ದೊಡ್ಡ ಟರ್ಬೊ ಹಾಕಿಸಿದ್ದ. ಆಕ್ಸಿಲರೇಟರ್ ಒತ್ತಿದರೆ ಸಾಕು, ಬಾನೆಟ್ಟಿನಡಿಯಿಂದ ‘ಚುಟುಚುಟುಚುಟು’ ಎಂಬ ಸದ್ದು ಬರುತ್ತಿತ್ತು. ಐವತ್ತೈದರ ನಾನು ಆ ಸದ್ದಿಗೆ ಸೋತೆ.

ಇನ್ನು ಫಕೀರಪ್ಪನ ವಿಷಯ. ಬೆಟಗೇರಿಯಲ್ಲಿ ಅವನ ಗ್ಯಾರೇಜು. ಹದಿನೆಂಟು ವರ್ಷಗಳಿಂದ ನನ್ನ ಗಾಡಿಗಳನ್ನು ನೋಡಿಕೊಂಡವನು ಅವನೇ. ನೇಕಾರರ ಮನೆತನ, ಹರೆಯದಲ್ಲಿ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದು, ಆ ಗದ್ದಲಕ್ಕೆ ಕಿವಿಯನ್ನು ಅರ್ಧ ಒಪ್ಪಿಸಿ ಬಂದಿದ್ದ. ಉಳಿದರ್ಧ ಈಚೆಗೆ ಹೋಯಿತು. ಈಗ ತುಟಿ ನೋಡಿ ಮಾತು ತಿಳಿಯುತ್ತಾನೆ. ಅವನ ಬಾಗಿಲಿಗೆ ಬರುವ ಗಾಡಿಗಳು ಒಂದೊಂದಾಗಿ ಕಡಿಮೆಯಾದವು. “ಎಂಜಿನ್ ಸದ್ದ ಕೇಳಲಾರದಾಂವ ಎಂಥಾ ಮೇಸ್ತ್ರಿ ಬಿಡ್ರಿ ಸರ್” ಎಂದು ಬಸವರಾಜನೂ ನಕ್ಕಿದ್ದ. ನಾನು ಅವನ ಜೊತೆ ನಗಲಿಲ್ಲ. ಆದರೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ಫಕೀರಪ್ಪ ಮೊದಲೇ ಹೇಳಿದ್ದ: “ನಡಕಿಂದು ಸಾಕ್ರಿ ಸರ್. ದೊಡ್ಡದು ನಿಮ್ಮ ಎಂಜಿನ್ನಿಗೆ ಹೊಂದಂಗಿಲ್ಲ.”

“ವಿಚಾರ ಮಾಡ್ತೀನಿ” ಎಂದು ಹೇಳಿ ಬಂದವನು, ಅವನಿಗೆ ತಿಳಿಸದೆ ದೂರದ ಊರಿನ ಒಂದು ಗ್ಯಾರೇಜಿಗೆ ಹೋಗಿ ದೊಡ್ಡದನ್ನೇ ಹಾಕಿಸಿಕೊಂಡೆ. ಆಮೇಲೆ ಎರಡು ತಿಂಗಳು ಬೆಟಗೇರಿಯ ಆ ರಸ್ತೆಯನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಓಡಾಡಿದೆ. ಕಿವಿ ಕೇಳದವನ ಮುಂದೆಯೂ ಆ ಸದ್ದು ಮಾಡಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹೆಂಡತಿಯನ್ನು ಕೂಡಿಸಿಕೊಂಡು ಮುಂಡರಗಿಗೆ ಹೊರಟಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಎದುರಿಗೆ ದೂರದಲ್ಲಿ ಬಸ್ಸು. ಬೇಕಾದಷ್ಟು ಜಾಗವಿದೆ ಎಂದು ಬಲಕ್ಕೆ ತೆಗೆದು ಒತ್ತಿದೆ. ಚುಟುಚುಟು ಎಂದಿತು. ಕಾರು ಮಾತ್ರ ಮುಂದೆ ಸರಿಯಲಿಲ್ಲ. ಇನ್ನೂ ಒತ್ತಿದೆ, ಇನ್ನೂ ಚುಟುಚುಟು. ಬಸ್ಸು ತನ್ನ ಹಣೆಯ ಮೇಲಿನ ಊರಿನ ಹೆಸರು ಓದಬಹುದಾದಷ್ಟು ಹತ್ತಿರ ಬಂದಿತು. ಬ್ರೇಕ್ ತುಳಿದು ಮತ್ತೆ ಟ್ರ್ಯಾಕ್ಟರಿನ ಹಿಂದೆ ಸೇರಿಕೊಂಡೆ. ಹೆಂಡತಿ ಬಿಗಿಯಾಗಿ ಹಿಡಿದಿದ್ದ ಬಾಗಿಲಿನ ಹಿಡಿಕೆ ಬಿಟ್ಟು ಸೆರಗು ಸರಿಪಡಿಸಿಕೊಂಡಳು. ಆಮೇಲೆ, “ಸದ್ದ ಬಂತ್ರಿ, ಗಾಡಿ ಬರಲಿಲ್ಲ” ಎಂದಳು.

ಮುಂಡರಗಿಯಿಂದ ಬಂದು, ಹೆಂಡತಿಯನ್ನು ಮನೆಯಲ್ಲಿ ಇಳಿಸಿ, ನೆಟ್ಟಗೆ ಬೆಟಗೇರಿಗೆ ಹೋದೆ. ಫಕೀರಪ್ಪ ಬಾನೆಟ್ ತೆರೆದ, ನೋಡಿದ, ನನ್ನ ಮುಖ ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು. “ನಡೀರಿ, ಒಂದು ಸುತ್ತ ಹೋಗಿ ಬರೂಣು” ಎಂದಷ್ಟೇ ಹೇಳಿ, ಚಪ್ಪಲಿ ಕಳಚಿಟ್ಟು ಪಕ್ಕದ ಸೀಟಿನಲ್ಲಿ ಕುಳಿತ. ಕಾರಿನ ನೆಲದ ರಬ್ಬರ್ ಹಾಸನ್ನು ತೆಗೆದು ಹಿಂದೆ ಎಸೆದು ಎರಡೂ ಅಂಗಾಲುಗಳನ್ನು ಬರೀ ತಗಡಿನ ಮೇಲೆ ಊರಿದ. ಕಣ್ಣು ಮುಚ್ಚಿದ.

ಊರಾಚೆ ಖಾಲಿ ರಸ್ತೆ ಸಿಕ್ಕಾಗ, ನಾಲ್ಕನೇ ಗೇರಿನಲ್ಲಿ ನಿಧಾನ ಹೋಗಿ ಒಮ್ಮೆಲೆ ಒತ್ತುವಂತೆ ಸನ್ನೆ ಮಾಡಿದ. ಒತ್ತಿದೆ. ಅವನ ಕಾಲ ಬೆರಳುಗಳು ಮುದುಡಿಕೊಂಡವು.

“ಇಲ್ಲಿ” ಎಂದ. “ಇಲ್ಲಿ ಗಾಳಿ ಹಿಂದಕ್ಕ ಬರಾಕತ್ತೈತಿ. ಚಕ್ರ ದೊಡ್ಡದು, ಅದು ತುರುಕೋ ಗಾಳಿ ನುಂಗಾಕ ಇಷ್ಟು ನಿಧಾನದಾಗ ಎಂಜಿನ್ನಿಗೆ ತಾಕತ್ತಿಲ್ಲ. ಒದ್ದ ಗಾಳಿ ತಿರುಗಿ ಚಕ್ರಕ್ಕ ಹೊಡೀತೈತಿ. ಹಿಂಗ ಓಡಿಸಿದ್ರ ಅಚ್ಚು ಮುರೀತೈತ್ರಿ.”

ನಾನು ಕಾರು ನಿಲ್ಲಿಸಿ, ಅವನತ್ತ ತಿರುಗಿ, ತುಟಿ ಕಾಣುವಂತೆ ಕೇಳಿದೆ: “ಆ ಚುಟುಚುಟು ಸದ್ದು ಅದರದ ಏನು?”

“ಸದ್ದ ಬರತೈತೇನ್ರಿ?” ಎಂದ ಫಕೀರಪ್ಪ ಆಶ್ಚರ್ಯದಿಂದ.

ಎರಡು ತಿಂಗಳು ನಾನು ಊರ ತುಂಬ ಮೆರೆಸಿದ್ದು ಒಂದು ಕಾಯಿಲೆಯನ್ನು. ಇಂಪೆನಿಸಿದ್ದರಿಂದ ನಮಗೆ ಯಾರಿಗೂ ಅದು ಕಾಯಿಲೆ ಎಂದು ಹೊಳೆದಿರಲಿಲ್ಲ.

ಟರ್ಬೊ ಬಿಚ್ಚುವ ಮೊದಲು ಫಕೀರಪ್ಪ ಒಂದು ಹಟ ಹಿಡಿದ. “ನಾ ಹೇಳಿದ್ನಿ ಅಂತ ನಂಬಬ್ಯಾಡ್ರಿ. ಅಳತಿ ಮಾಡೂಣು.” ಅದೇ ರಸ್ತೆ, ಅದೇ ಗೇರು, ನಲವತ್ತು ಕಿಲೋಮೀಟರ್ ವೇಗದಿಂದ ಎಂಬತ್ತಕ್ಕೆ ಏರಲು ಎಷ್ಟು ಸೆಕೆಂಡು? ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುತ್ತದೆಂದು ಹೋಗುವಾಗ ಐದು ಸಲ, ಬರುವಾಗ ಐದು ಸಲ. ಸರಾಸರಿ ಹನ್ನೊಂದು ಸೆಕೆಂಡು. ಎರಡು ವಾರದಲ್ಲಿ ನಡುವಿನ ಟರ್ಬೊ ಬಂತು. ಅದನ್ನು ಕೂರಿಸಿ, ಕಾರಿನ ಕಂಪ್ಯೂಟರಿಗೆ ಅದರ ಗುಣ ತಿಳಿಸಿ, ಮತ್ತೆ ಅದೇ ರಸ್ತೆಗೆ ಹೋದೆವು. ಎಂಟು ಸೆಕೆಂಡು! ಕಾಲಿಟ್ಟ ಕೂಡಲೇ ಬೆನ್ನಿಗೆ ಯಾರೋ ಅಂಗೈ ಕೊಟ್ಟು ನೂಕಿದಂತೆ.

ನಾನು ಕುಣಿಯುವುದೊಂದು ಬಾಕಿ. ಫಕೀರಪ್ಪ ಮಾತ್ರ ತೂಗಿ ನುಡಿದ: “ಎಂಜಿನ್ ಪೂರಾ ಚೀರೋ ಮಟ ಎಳದ್ರ ದೊಡ್ಡದ ಮುಂದ ಹೋಗತೈತ್ರಿ. ಸುಳ್ಳ ಹೇಳಬಾರದು. ಆದ್ರ ಅಷ್ಟು ಎಳಿಯಾಕ ಇಲ್ಲಿ ರಸ್ತಾ ಎಲ್ಲೈತಿ?”

“ನಿನಗ ಹೇಳದ ಹೋಗಿ ತಪ್ಪ ಮಾಡಿದೆ” ಎಂದೆ. ಅವನು ಅದನ್ನು ಓದಿದನೋ ಇಲ್ಲವೋ, ಆ ಕಡೆ ತಿರುಗಿ ನಟ್ಟು ಬಿಚ್ಚುವ ಪಾನಾ ಒರೆಸತೊಡಗಿದ. ಓದಿದ್ದ ಎಂದೇ ನನ್ನ ನಂಬಿಕೆ.

ಮುಂದಿನ ವಾರ ಶಿರಹಟ್ಟಿಯಲ್ಲಿ ಚಹಾದ ಅಂಗಡಿಯ ಮುಂದೆ ಬಸವರಾಜ ಸಿಕ್ಕ. ನನ್ನ ಕಾರು ಬಂದು ನಿಂತದ್ದನ್ನು ನೋಡಿ, “ಟರ್ಬೊ ತಗಸಿದ್ರೇನ್ರಿ ಸರ್? ಸದ್ದನ ಇಲ್ಲ!” ಎಂದು ಮರುಗಿದ. ಅವನನ್ನು ಕೂಡಿಸಿಕೊಂಡು ಲಕ್ಷ್ಮೇಶ್ವರದ ರಸ್ತೆಗೆ ಹೋದೆ. ಮುಂದಿದ್ದ ಮೆಕ್ಕೆಜೋಳದ ಲಾರಿಯನ್ನು ಒಂದೇ ಉಸುರಿಗೆ ದಾಟಿದೆ. ಅವನು ಹಿಂತಿರುಗಿ ಲಾರಿಯನ್ನು ನೋಡಿದ, ನನ್ನ ಕಾಲನ್ನು ನೋಡಿದ. “ಯಾರ ಹಾಕಿದ್ರು?” ಎಂದ. ಹೆಸರು ಹೇಳಿದೆ. ಅವನು ಜೇಬಿನಿಂದ ತನ್ನ ಕಾರಿನ ಕೀಲಿ ತೆಗೆದು ಬೆರಳಲ್ಲಿ ತಿರುಗಿಸಿದ. ಕೊನೆಗೆ, “ನಂದೂ ಒಂದ್ಸಲ ನೋಡ್ತಾರೇನ್ರಿ ಅವರು?” ಎಂದ.

ಭಾನುವಾರ ಅವನನ್ನು ಬೆಟಗೇರಿಗೆ ಕರೆದುಕೊಂಡು ಹೋದೆ. ಫಕೀರಪ್ಪ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಅವನ ಕಾರಿನಲ್ಲಿ ಅವನ ಪಕ್ಕ ಕುಳಿತು ಹೋದ. ನಾನು ಗ್ಯಾರೇಜಿನ ಬಾಗಿಲಲ್ಲಿ ಯಜಮಾನನ ಠೀವಿಯಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ಅಷ್ಟರಲ್ಲಿ ಜೀಪಿನವರೊಬ್ಬರು ಬಂದು ಕೇಳಿದರು: “ಮೇಸ್ತ್ರಿ ಎಲ್ರಿ?”

ನಾನು ಎದೆ ಉಬ್ಬಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದೆ: “ಒಂದು ಗಾಡಿ ಎಂಜಿನ್ ಕೇಳಾಕ ಹೋಗ್ಯಾರ್ರಿ. ಬರತಾರ, ಕುಂಡ್ರಿ.”